ಹಿಂದಿನ ಸೀಟಿನವಳು

“ಅಲ್ಲಮ್ಮ ಪಾರವ್ವ, ನಿನ್ನೆ ಬೆಳಿಗ್ಗೆ ನಾಗರಬಾವೀಲಿ ನಿನ್ ಗಂಡನ ಬೈಕ್ ಹಿಂದೆ ಕೂತಿದ್ದೋಳು ನೀನೇ ತಾನೆ?” ಮನೆ ಓನರ್ ಅನಂತಲಕ್ಷ್ಮಿ ನಲ್ಲಿ ನಿಲ್ಲಿಸಿ ಕೇಳಿದರು. “ನಮ್ ಮಗಳ ಮನೆ ಎದುರು ಮೈದಾನದಲ್ಲಿ. ಅದೇ ನಿನ್ ಮೆರೂನ್ ಸ್ವೆಟರ್ರು, ತಲೆಗೆ ಹೆಲ್ಮೆಟ್ಟು. ಕೈ ಬೀಸಿದ್ರೆ ತಿರುಗಿ ಕೂಡ ನೋಡ್ಲಿಲ್ಲ!”

ಪಾರವ್ವ ಹಿಡಿದ ಕೊಡ ಹಿಡಿದಂತೆಯೇ ನಿಂತಳು. ನಿನ್ನೆ ಬೆಳಿಗ್ಗೆ ಅವಳು ಗೋವಿಂದರಾಜನಗರದ ಈ ವಠಾರ ಬಿಟ್ಟು ಕದಲಿರಲಿಲ್ಲ. ಆ ಸ್ವೆಟರ್ ಕಾಣೆಯಾಗಿ ವಾರವಾಗಿತ್ತು.

“ಹೌದ್ರಿ ಆಂಟಿ, ನಾನ ಇದ್ದೆ,” ಎಂದಳು. ಮಾನ ಉಳಿಸಿಕೊಳ್ಳಲು ಅಷ್ಟು ಸುಳ್ಳು ಬೇಕಾಯಿತು.

ಬೈಕು! ಅದರ ಹೆಸರೆತ್ತಿದರೆ ಗಂಡ ರುದ್ರೇಶ ಬೆವರುತ್ತಿದ್ದ. ಮನೆಮನೆಗೆ ಊಟ ಮುಟ್ಟಿಸುತ್ತ ಇಡೀ ಊರು ಸುತ್ತಿದವನು ಅವನು. ಹೋದ ವರ್ಷ ಮೈಸೂರು ರಸ್ತೆಯ ಗುಂಡಿಯಲ್ಲಿ ಬೈಕು ಮಗುಚಿ, ಹಿಂದೆ ಕೂತಿದ್ದ ಪಾರವ್ವನ ಕಾಲು ಮುರಿದ ದಿನದಿಂದ ಹ್ಯಾಂಡಲ್ ಮುಟ್ಟಿರಲಿಲ್ಲ. “ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ. ನಿನ್ನ ಮತ್ತ ಕುಂಡ್ರಿಸಿಕೊಳ್ಳಂಗಿಲ್ಲ,” ಎಂದು ಬೈಕನ್ನು ಗೆಳೆಯ ದುಂಡೇಶನ ರೂಮಿನ ಮುಂದೆ ಬಿಟ್ಟು ಗೋದಾಮಿನ ಕೆಲಸ ಹಿಡಿದಿದ್ದ. ಅವಳ ಕಾಲು ಕೂಡಿತು, ಅವನ ಧೈರ್ಯ ಕೂಡಲಿಲ್ಲ. ಪಾಪ ಎಂದು ಅವಳೇ ಅವನಿಗೆ ಸಮಾಧಾನ ಹೇಳುತ್ತಿದ್ದಳು. ಈಗ ನೋಡಿದರೆ, ಆ ಸೀಟು ಹೆಂಡತಿಗೆ ಮಾತ್ರ ಇಲ್ಲ!

ಒಂದೊಂದೇ ನೆನಪಾಗತೊಡಗಿತು. ಈಚೆಗೆ ಬೆಳಕು ಹರಿಯುತ್ತಲೇ ವಾಕಿಂಗ್ ಎಂದು ಮನೆ ಬಿಡುತ್ತಾನೆ. ಕಾಲು ತೋರಿಸಲು ಹೋದಾಗ ನರ್ಸಮ್ಮನ ಹತ್ತಿರ ಅವಳ ತೂಕವನ್ನು ಕೇಳಿದ್ದೇ ಕೇಳಿದ್ದು. ದಪ್ಪಗಾಗಿದ್ದೀಯ ಎಂಬ ಕುಹಕವಲ್ಲದೆ ಮತ್ತೇನು? ಊರಿಂದ ಬಂದ ಅರ್ಧ ಚೀಲ ಜೋಳವನ್ನು “ದುಂಡೇಶಗ ಕೊಟ್ಟೀನಿ” ಅಂದಿದ್ದ. ದುಂಡೇಶನೋ ಮೂರು ಹೊತ್ತೂ ಹೋಟೆಲಿನಲ್ಲಿ ಉಣ್ಣುವ ಒಂಟಿ ಆಸಾಮಿ. ಹಾಗಾದರೆ ಆ ಜೋಳದ ರೊಟ್ಟಿ ಬಡಿಯುವವಳು ಯಾರು?

ಮರುದಿನ ಅವನು ಹೊರಟದ್ದೇ ತಡ, ಆಟೊ ಹತ್ತಿದಳು.

ಮೈದಾನದಲ್ಲಿ ಬೈಕು ಮೆಲ್ಲಗೆ ಸುತ್ತುತ್ತಿತ್ತು. ಹಿಂದೆ ಮೆರೂನ್ ಸ್ವೆಟರಿನವಳು ಅವನ ಸೊಂಟಕ್ಕೆ ಎರಡೂ ತೋಳು ಬಿಗಿದು, ಬೆನ್ನಿಗೆ ಒರಗಿ ಕೂತಿದ್ದಳು.

“ತಗ್ಗು ಬಂತು, ಗಟ್ಟಿ ಹಿಡಕೋ,” ರುದ್ರೇಶ ಹೇಳುತ್ತಿದ್ದ. “ಈ ಸಲ ಬೀಳಸಂಗಿಲ್ಲ.”

ಎಂಥ ಅಕ್ಕರೆ! ಪಾರವ್ವ ಕುಂಟುತ್ತಲೇ ಓಡಿ ಅಡ್ಡ ನಿಂತಳು. ಬೈಕು ಸ್ವಲ್ಪವೂ ಹೊಯ್ದಾಡದೆ ನಿಂತಿತು. ರುದ್ರೇಶನ ಮುಖ ಬಿಳಿಚಿತು.

“ಪಾರೂ, ಇನ್ನೊಂದೆರಡ ದಿನ ತಡದಿದ್ರ ನಾನ ಹೇಳತಿದ್ದೆ…”

“ಮೊದಲ ಆಕಿ ಮಾರಿ ನೋಡತೀನಿ!” ಪಾರವ್ವ ಸ್ವೆಟರಿನ ಕೊರಳಿಗೆ ಕೈ ಹಾಕಿ ಜಗ್ಗಿದಳು.

ಹೆಲ್ಮೆಟ್ ಉರುಳಿ ಬಿತ್ತು. ಅದರಡಿ ತಲೆ ಇರಲಿಲ್ಲ. ಬಿಚ್ಚಿದ ಚೀಲದ ಬಾಯಿಂದ ಊರಿನ ಜೋಳ ಬರಬರನೆ ಅವಳ ಪಾದದ ಮೇಲೆ ಸುರಿಯಿತು.

“ನಿನ್ನಷ್ಟ ತೂಕ ಐತಿ,” ಅವನು ತಲೆ ತಗ್ಗಿಸಿದ. “ಇದನ್ನ ಬೀಳಸದಂಗ ತಿರಗಿಸಿದ್ರ, ಆಮ್ಯಾಲ ನಿನ್ನ ಕರೀಬೇಕಂತಿದ್ದೆ.”

“ಇಳಸ್ರಿ ಅದನ್ನ,” ಎಂದಳು ಪಾರವ್ವ, ಹೆಲ್ಮೆಟ್ ಎತ್ತಿ ತಲೆಗೆ ಹಾಕಿಕೊಳ್ಳುತ್ತ. “ನಾ ಕುಂಡ್ರತೀನಿ.”