ಎರಡನೆಯ ಪೆಟ್ಟು

"ವೀಲ್ಡ್ ಅಂದ್ರ ಹ್ಯಾಂಡಲ್, ಸ್ವಿಂಗ್, ಎಕ್ಸರ್‌ಸೈಜ್..." ಕೆಂಪಗೆ ಕಾದ ಕಬ್ಬು ಕಡಿಯುವ ಕೊಯ್ತಾವನ್ನು ಇಕ್ಕಳದಲ್ಲಿ ಅಡಿಗಲ್ಲಿನ ಮೇಲಿಟ್ಟುಕೊಂಡೇ ವಿಜಯಶ್ರೀ ಪರೀಕ್ಷೆಯ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. "ಎಲ್ಲಾದರ ಅರ್ಥಾನೂ ಒಂದ ಅವ್ವಾ. ನೀ ಸುತ್ತಿಗಿ ಬೀಸ್ತೀಯಲ್ಲ, ಅದು."

ಕಾಳವ್ವ ದೊಡ್ಡ ಸುತ್ತಿಗೆಯನ್ನು ತಲೆಯ ಮೇಲಕ್ಕೆತ್ತಿದಳು. ಗಂಡ ತೀರಿಕೊಂಡ ಮೇಲೆ ಮಮದಾಪುರದ ಅವರ ಕುಲುಮೆಗೆ ಮತ್ತೆ ಬೆಂಕಿ ಹಾಕಿದ್ದು ಇಂದೇ ಮೊದಲು. ಇಪ್ಪತ್ತು ವರ್ಷ ಅವನು ಸಣ್ಣ ಸುತ್ತಿಗೆಯಿಂದ ಟಣ್ಣೆಂದು ತಟ್ಟಿ ಜಾಗ ತೋರಿಸುತ್ತಿದ್ದ; ಆ ಸಪ್ಪಳ ಕೇಳಿದೊಡನೆ ಇವಳ ಪೆಟ್ಟು ಅಲ್ಲೇ ಬೀಳುತ್ತಿತ್ತು.

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಕಬ್ಬಿಣ ಕಪ್ಪಗಾಗತೊಡಗಿತು.

"ಹೊಡಿ ಅವ್ವಾ, ಆರಾಕತ್ತೈತಿ."

"ತಡಿ," ಎಂದಳು ಕಾಳವ್ವ. "ನಿಮ್ಮಪ್ಪ ಇನ್ನೂ ತಟ್ಟಿಲ್ಲ."