ಬಿಚ್ಚಬೇಕಾದ ಗಂಟು

ಜೀತದಾಳಿನ ಪಾತ್ರದ ಈರೇಶ ಕೈ ಕಟ್ಟಿಸಿಕೊಂಡು ರಂಗದ ನಡುವೆ ನಿಂತಿದ್ದ. ಧಣಿಯ ಪಾತ್ರದವನು, ಗೆಳೆಯನ ಮಣಿಕಟ್ಟು ನೋಯದಿರಲೆಂದು, ಹಗ್ಗದಡಿ ತನ್ನ ಕರವಸ್ತ್ರ ಇಟ್ಟೇ ಗಂಟು ಹಾಕಿ ಹೋಗಿದ್ದ. ಪ್ರೇಕ್ಷಕರಲ್ಲಿ ಯಾರಾದರೂ ಎದ್ದು ಬಂದು ಅದನ್ನು ಬಿಚ್ಚಿದರೆ ಮಾತ್ರ ಆಳಿಗೆ ಬಿಡುಗಡೆ. ನಾಟಕ ಬರೆದಿದ್ದೇ ಹಾಗೆ. ಈವರೆಗೆ ಯಾವ ಊರಿನಲ್ಲೂ ಒಬ್ಬರೂ ಎದ್ದಿರಲಿಲ್ಲ. ಇವತ್ತಾದರೂ ಒಬ್ಬರು ಬರಲಿ ಎಂದು ಈರೇಶನ ಜೀವ ಹಂಬಲಿಸುತ್ತಿತ್ತು.

"ಯಾರಾದ್ರೂ ಬಿಚ್ರಪ್ಪಾ ನನ್ನ!" ಎಂದು ಕೂಗಿದ.

ಸಭೆ ಕುದಿಯಿತು. "ಆ ಧಣೀನ ಎಳ್ಕೊಂಡು ಬನ್ರೋ!" ಎಂದು ಹಿಂದಿನಿಂದ ಯಾರೋ ಅಬ್ಬರಿಸಿದರು.

"ಥೂ, ಮನುಷ್ಯರೇನ್ರೀ ಇವ್ರು!" ಎಂದು ಒಬ್ಬಾಕೆ ಕಣ್ಣೊರೆಸಿಕೊಂಡರು.

"ಬೈದಿದ್ದು ಸಾಕು, ಬಂದು ಬಿಚ್ರೀ!" ಈರೇಶನ ಸಿಟ್ಟಿನಲ್ಲಿ ಈಗ ನಟನೆ ಇರಲಿಲ್ಲ.

ಮುಂದಿನ ಸಾಲಿನ ಹಿರಿಯರೊಬ್ಬರು ದಡಕ್ಕನೆ ಎದ್ದರು. ಈರೇಶ ಆಸೆಯಿಂದ ಎರಡೂ ಕೈ ಅವರತ್ತ ಚಾಚಿದ.

"ನಾಚಿಕೆ ಆಗಲ್ವೇನ್ರೀ? ಇಷ್ಟು ಜನದಲ್ಲಿ ಒಬ್ಬರಿಗೂ ಏಳೋಕಾಗಲ್ವಾ?" ಎಂದು ಸಭೆಯನ್ನೆಲ್ಲ ಗದರಿದ ಅವರು, ಬಾಗಿಲ ಬಳಿ ತಮ್ಮ ಚೀಲ ಹಿಡಿದು ನಿಂತಿದ್ದ ಡ್ರೈವರನತ್ತ ತಿರುಗಿದರು.

"ಏ ನಿಂಗಾ, ಹೋಗಿ ಆ ಹಗ್ಗ ಬಿಚ್ಚೋ!"