ಲಂಡನ್ನಿಗೊಂದು ಪ್ಯಾಂಟು

ಪರದೆಯ ಹಿಂದೆ ಹೋದ ಜಯಮಾಲಾ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಸಣ್ಣ ಹೆಂಡತಿಯ ಕೈಚೀಲವನ್ನು ಎದೆಗವಚಿಕೊಂಡು ಕಾಯುತ್ತಿದ್ದ. ಶಿವಾಜಿನಗರದ ಸಂದಿಯಲ್ಲಿದ್ದ ಆ ಬಟ್ಟೆ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಒಬ್ಬರು ಒಳಗೆ ಬರಬೇಕಾದರೆ ಇನ್ನೊಬ್ಬರು ಜೀನ್ಸ್ ರಾಶಿಗೆ ಒರಗಿ ದಾರಿ ಬಿಡಬೇಕಿತ್ತು. ಬಾಗಿಲ ಬಳಿ ಹೊಲಿಗೆ ಮಿಷಿನ್ನಿನ ಮುಂದೆ ಕೂತಿದ್ದ ಅಂಗಡಿಯ ಯಜಮಾನ ಕಲೀಮುಲ್ಲಾ, "ಬೇರೆ ಸೈಜ್ ಕೊಡ್ಲಾ ಅಣ್ಣ?" ಎಂದು ಆಗಲೇ ಕೇಳಿದ್ದರು.

"ಆತೇನು?" ಬಸಣ್ಣ ಪರದೆಯ ಹತ್ತಿರ ಬಾಯಿಟ್ಟು ಕೇಳಿದ.

"ಇದು ಬ್ಯಾಡ್ರಿ. ಸೀರಿ ಉಟ್ಕೊಂಡು ಬರ್ತೀನಿ, ಮನಿಗಿ ಹೋಗೂಣು."

ಜಯಮಾಲಾ ಇಂದಿರಾನಗರದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಲಂಡನ್ನಿನಲ್ಲಿ ನಡೆಯುವ ಊಟದ ಮೇಳಕ್ಕೆ ಖಾನಾವಳಿಯ ಒಡತಿ ಭವ್ಯ ಅವಳನ್ನೂ ಕರೆದುಕೊಂಡು ಹೊರಟಿದ್ದಳು. "ಮೇಳದಲ್ಲಿ ಇಳಕಲ್ ಸೀರೆ ಉಟ್ಕೊಳ್ಳಿ ಜಯಮ್ಮ. ಊರು ಸುತ್ತೋವಾಗ ಮಾತ್ರ ಬೇಡ. ಅಲ್ಲಿ ನಡಿಯೋದು ಜಾಸ್ತಿ, ಮೆಟ್ಟಿಲು ಜಾಸ್ತಿ, ಚಳಿ ಬೇರೆ. ಒಂದು ಪ್ಯಾಂಟು, ತುಂಬು ತೋಳಿನ ಟಾಪು, ಶೂ, ಸ್ವೆಟರ್ ಇದ್ರೆ ಸಾಕು. ಅಲ್ಲಿ ಎಲ್ರೂ ಹಾಗೇ ಓಡಾಡೋದು" ಎಂದಿದ್ದಳು. ಶೂ, ಸ್ವೆಟರ್, ಟಾಪು ಕೊಳ್ಳುವಾಗ ಜಯಮಾಲಾ ಏನೂ ಅನ್ನಲಿಲ್ಲ. ಪ್ಯಾಂಟಿನ ಸರದಿ ಬಂದಾಗ ಹೀಗೆ ಪರದೆಯ ಹಿಂದೆ ನಿಂತುಬಿಟ್ಟಳು.

ಬಸಣ್ಣ ಪರದೆಯನ್ನು ಒಂದಿಷ್ಟು ಸರಿಸಿ ನೋಡಿದ. ಅವಳು ಬಿಚ್ಚಿದ ಸೀರೆಯನ್ನು ಕಾಲುಗಳಿಗೆ ಅಡ್ಡ ಹಿಡಿದುಕೊಂಡಿದ್ದಳು. ಎಡಗಾಲಿನ ಮೇಲೆ ಜೀನ್ಸ್ ಮೈಗೊಪ್ಪಿ ಕೂತಿತ್ತು. ಬಲಗಾಲಿನ ಮೇಲೆ ಕೋಲಿಗೆ ತೊಡಿಸಿದ ಹಾಗೆ ಜೋತಾಡುತ್ತಿತ್ತು. ಚಿಕ್ಕಂದಿನಲ್ಲಿ ಅವಳಿಗೆ ಪೋಲಿಯೊ ಆಗಿತ್ತು. ಅವಳು ಕುಂಟುವುದು ಎಲ್ಲರಿಗೂ ಗೊತ್ತು; ಆ ಕಾಲನ್ನು ಮಾತ್ರ ಯಾರೂ ಕಂಡವರಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಬೆಳಕಿನಲ್ಲಿ ಬಸಣ್ಣನಿಗೂ ಅವಳು ಅದನ್ನು ತೋರಿಸಿರಲಿಲ್ಲ.

"ನಾ ರೂಮಿನ್ಯಾಗೇ ಇರ್ತೀನ್ರಿ" ಎಂದಳು ಮೆಲ್ಲಗೆ. "ರೊಟ್ಟಿ ಬಡದು ಬಂದ್ರ ಸಾಕು."

"ಮತ್ತ ಹೊಳಿ?"

ಪಾಸ್‌ಪೋರ್ಟ್ ಬಂದ ದಿನ ಅವಳು ಭವ್ಯಳನ್ನು ಕೇಳಿದ್ದು ಒಂದೇ ಮಾತು, ಅಲ್ಲಿ ಹೊಳೆ ಇದೆಯೇ ಎಂದು. ಊರ ನಡುವೆಯೇ ಹರಿಯುತ್ತದೆ, ದೊಡ್ಡ ಹಡಗು ಬಂದರೆ ಸೇತುವೆಯೇ ಮೇಲೆದ್ದು ದಾರಿ ಬಿಡುತ್ತದೆ ಎಂದು ತಿಳಿದ ಮೇಲೆ, ಕೆ.ಆರ್. ಪುರದ ಅವರ ಬಾಡಿಗೆ ಕೋಣೆಯಲ್ಲಿ ಆ ಸೇತುವೆಯ ಸುದ್ದಿ ಬಾರದ ದಿನವಿರಲಿಲ್ಲ. ಭೀಮಾ ತೀರದಲ್ಲಿ ಹುಟ್ಟಿ ಬೆಳೆದವಳು ಬೆಂಗಳೂರಿಗೆ ಬಂದ ಮೇಲೆ ತುಂಬಿ ಹರಿಯುವ ನೀರನ್ನೇ ಕಂಡಿರಲಿಲ್ಲ.

ಕಲೀಮುಲ್ಲಾ ಮಿಷಿನ್ ಬಿಟ್ಟು ಎದ್ದರು. ಏನಾಯಿತೆಂದು ಕೇಳಲಿಲ್ಲ. ಹಿಂದಿನ ಸಾಲಿನಿಂದ ಅಗಲ ಕಾಲಿನ ಮೆತ್ತನೆಯ ಕಪ್ಪು ಪ್ಯಾಂಟೊಂದನ್ನು ಎಳೆದು ಬಸಣ್ಣನ ಕೈಗಿಟ್ಟರು. "ಇದು ಕೊಡಿ ಅಣ್ಣ. ಈಗ ಕಾಲೇಜ್ ಹುಡುಗೀರು ಇದೇ ಹಾಕೋದು."

ಈ ಸಲ ಪರದೆ ಸರಿಯಿತು. ಪ್ಯಾಂಟಿನೊಳಗೆ ಎರಡು ಕಾಲೂ ಅಡಗಿದ್ದವು. ಆದರೆ ಬಲಗಾಲು ತುಸು ಗಿಡ್ಡವಿದ್ದುದರಿಂದ ಆ ಕಡೆಯ ಅಂಚು ನೆಲದ ಮೇಲೆ ಎಳೆಯುತ್ತಿತ್ತು.

"ಎಡವಿ ಬೀಳ್ತೀನ್ರಿ ಇದರಾಗ."

"ಅದಕ್ಕೇನಮ್ಮ, ಮಡಚಿ ಹೊಲ್ಕೊಡ್ತೀನಿ" ಎಂದು ಕಲೀಮುಲ್ಲಾ ಸೀಮೆಸುಣ್ಣ ಹಿಡಿದು ಬಗ್ಗಿದರು. ಜಯಮಾಲಾ ಸರಕ್ಕನೆ ಹಿಂದೆ ಸರಿದಳು. ಅವರು ಅಲ್ಲೇ ನೆಟ್ಟಗಾಗಿ ಸೀಮೆಸುಣ್ಣವನ್ನು ಬಸಣ್ಣನಿಗೆ ಕೊಟ್ಟರು. "ನೀವೇ ಗುರುತು ಹಾಕಿ. ಒಂದೊಂದು ಕಾಲಿಗೆ ಬೇರೆ ಬೇರೆ ಹಾಕಿ." ಹಾಗೆಂದು ಬೀದಿಯ ಕಡೆ ಮುಖ ಮಾಡಿ ಕೂತರು.

ಬಸಣ್ಣ ಮಂಡಿಯೂರಿದ.

"ಏಳ್ರಿ. ಮಂದಿ ನೋಡ್ತಾರ."

"ನೋಡ್ಲಿ. ನೀ ಅಲ್ಲಾಡಬ್ಯಾಡ."

ಗಾರೆ ಕೆಲಸದ ಬಸಣ್ಣ, ಗೋಡೆಗೆ ದಾರ ಹಿಡಿಯುವಷ್ಟೇ ಎಚ್ಚರದಿಂದ ಎಡಗಾಲಿಗೆ ಗೆರೆ ಎಳೆದ. ಆಮೇಲೆ ಬಲಗಾಲಿನ ಪಾದವನ್ನು ಅಂಗೈಯಲ್ಲಿ ಹಿಡಿದ. ಅದನ್ನು ನೆಲದ ಮೇಲೆ ನೆಟ್ಟಗೆ ಊರಿಸಿ, ಎಡಗಾಲಿನ ಗೆರೆಗಿಂತ ತುಸು ಮೇಲೆ ಇನ್ನೊಂದು ಗೆರೆ ಎಳೆದ. ಬೀಳದಿರಲೆಂದು ಅವಳು ಅವನ ತಲೆಯ ಮೇಲೆ ಕೈಯೂರಿದ್ದಳು.

"ತಲಿ ತೊಳ್ಕೊಂಡ್ರೂ ಸಿಮೆಂಟ್ ಹೋಗಿಲ್ಲ ನೋಡ್ರಿ" ಎಂದಳು. ಅಂಗಡಿಗೆ ಬಂದ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಆಗಲೇ.

ಕಲೀಮುಲ್ಲಾ ಹೊಲಿದು ಕೊಟ್ಟ ಪ್ಯಾಂಟನ್ನು ಹಾಕಿಕೊಂಡವಳು ಮತ್ತೆ ಸೀರೆ ಉಡಲಿಲ್ಲ. "ರೂಢಿ ಆಗ್ಲಿ" ಎಂದು ಹಾಗೇ ಬೀದಿಗೆ ಇಳಿದಳು. ಯಾರೂ ಅವಳತ್ತ ತಿರುಗಿ ನೋಡಲಿಲ್ಲ. ಬಸ್ ನಿಲ್ದಾಣದ ಕಡೆ ಜನರ ನಡುವೆ ನಡೆಯುತ್ತಿದ್ದವಳು ಒಂದು ಕಡೆ ನಿಂತುಕೊಂಡಳು.

"ಯಾಕ, ನೋವಾತೇನು?"

"ಇಲ್ರಿ. ಇಷ್ಟು ವರ್ಷ ಈ ಕೈಯಾಗ ನೆರಿಗಿ ಎತ್ತಿ ಹಿಡ್ಕೊಂಡೇ ನಡದೀನಿ, ಕಾಲಿಗಿ ತೊಡರಬಾರದಂತ. ಈಗ ಈ ಕೈ ಏನ್ ಮಾಡ್ಬೇಕೋ ತಿಳೀವಲ್ದು."

ಬಸಣ್ಣ ಸೀರೆಯಿದ್ದ ಚೀಲವನ್ನು ಆಚೆ ಕೈಗೆ ಬದಲಿಸಿ, ಆ ಕೈಯನ್ನು ಹಿಡಿದುಕೊಂಡ.